ಚಿಂಚೋಳಿಯಿಂದ ಶಹಾಬಾದ್‌ಗೆ ಬಂದ ಬಾಟಲಿ

ವೀಕ್ಷಕರೇ, ಇವತ್ತು ರಾಜಕೀಯ ಪಕ್ಕಕ್ಕಿಡೋಣ. ಒಂದು ಬಾಟಲಿ ವಿಷಯ ಮಾತಾಡೋಣ. 30 ಎಂಎಲ್‌ನ ಪುಟ್ಟ ಬಾಟಲಿ. ಮಕ್ಕಳಿರುವ ಮನೆಯಲ್ಲಿ ಇಂಥದ್ದೊಂದು ಇದ್ದೇ ಇರುತ್ತೆ, ಅದರಲ್ಲಿ ಅರ್ಧ ಔಷಧಿ ಉಳಿದಿರುತ್ತೆ. ಮುಂದಿನ ಸಲ ಜ್ವರ ಬಂದರೆ ಇರಲಿ ಅಂತ ಎತ್ತಿಟ್ಟದ್ದು. ಆ್ಯಂಟಿಬಯೋಟಿಕ್ ಸಿರಪ್.

ನಮ್ಮ ಮನೆಗೂ ಒಂದು ಬಂದಿತ್ತು. ನಾನಾಗ ಐದನೇ ಕ್ಲಾಸು, ಊರು ಶಹಾಬಾದ್. ಚಿಂಚೋಳಿಯಲ್ಲಿದ್ದ ದೊಡ್ಡವ್ವನ ಮಗನಿಗೆ ಗಂಟಲು ಬಾತು ಜ್ವರ ಬಂತು. ಡಾಕ್ಟರು ಸಿರಪ್ ಬರೆದರು, ಎರಡೇ ದಿನಕ್ಕೆ ಹುಡುಗ ಓಡಾಡತೊಡಗಿದ, ಸಿರಪ್ ಅರ್ಧ ಉಳೀತು. ಅಲ್ಲಿಗೆ ಹೋಗಿದ್ದ ಸೇಡಂನ ಚಿಕ್ಕವ್ವ 'ಚಲೋ ದವಾ ಅದ, ನನ್ನ ಕಡೆ ಇರಲಿ' ಅಂತ ಬ್ಯಾಗಿಗೆ ಹಾಕ್ಕೊಂಡು ಬಸ್ ಹತ್ತಿದಳು. ಚಿಂಚೋಳಿಗೆ ರೈಲಿಲ್ಲ. ಮೇ ತಿಂಗಳಲ್ಲಿ ನಮ್ಮನೆಯ ಮದುವೆಗೆ ಹೊರಟಾಗ ಆ ಬಾಟಲಿಯೂ ಸೇಡಂನಲ್ಲಿ ರೈಲು ಹತ್ತಿತು. ಚಿತ್ತಾಪುರ ದಾಟಿ ವಾಡಿಗೆ ಬಂತು, ವಾಡಿಯಲ್ಲಿ ಗಾಡಿ ಬದಲಾಯಿಸಿ ಶಹಾಬಾದ್‌ಗೆ ಬಂತು. ನಮ್ಮದು ಪರಸಿ ಕಲ್ಲು ಹೊದಿಸಿದ ಮನೆ, ಫ್ರಿಜ್ ಇಲ್ಲ. ಗೋಡೆಯ ಮಾಡದಲ್ಲಿ, ದೀಪದ ಪಕ್ಕ, ಬಾಟಲಿ ಕೂತಿತು. ಮೇ ತಿಂಗಳ ಶಹಾಬಾದ್ ಹೇಗಿರುತ್ತೆ ಅಂತ ಆ ಕಡೆಯವರಿಗೆ ನಾನು ಹೇಳಬೇಕಿಲ್ಲ.

ಮದುವೆ ಮುಗಿದ ಮಾರನೇ ದಿನ ನನ್ನ ತಮ್ಮನಿಗೆ ಜ್ವರ. ಚಿಕ್ಕವ್ವ ಬಾಟಲಿ ಅಲುಗಾಡಿಸಿ, ಚಹಾ ಚಮಚದಲ್ಲಿ ಒಂದು, ಮೇಲೊಂದು ಅರ್ಧ ಕುಡಿಸಿದಳು. ಮುಂದೇನಾಯಿತು ಅಂತ ಆಮೇಲೆ ಹೇಳ್ತೀನಿ. ಮೊದಲು ಈ ಬಾಟಲಿ ಹುಟ್ಟಿದ ಕಥೆ ಕೇಳಿ. ನಾನು ಓದಿದ್ದು ಇಂಜಿನಿಯರಿಂಗ್, ಡಾಕ್ಟರಿಕೆ ಅಲ್ಲ. ಆದರೆ ಯಾವುದೇ ವಸ್ತುವಿನ ಮೇಲೆ ಒಂದು ಗೆರೆ ಕಂಡರೆ, ಅದನ್ನ ಅಲ್ಲೇ ಯಾಕೆ ಎಳೆದರು ಅಂತ ಕೇಳೋದು ನಮಗೆ ಕಲಿಸಿದ ಚಟ. ಈ ಬಾಟಲಿಯ ಮೇಲೆ ಗೆರೆಗಳು ಬಹಳ.

1937, ಅಮೆರಿಕ. ಆ ಕಾಲಕ್ಕೆ ಸಲ್ಫಾ ಔಷಧಿಗಳೇ ದೊಡ್ಡ ಪವಾಡ. ಕಟ್ಟುನಿಟ್ಟಾಗಿ ಹೇಳಿದರೆ ಅವು ಆ್ಯಂಟಿಬಯೋಟಿಕ್ ಅಲ್ಲ, ಆದರೆ ಬ್ಯಾಕ್ಟೀರಿಯಾ ಸೋಂಕನ್ನ ಹಿಡಿದು ನಿಲ್ಲಿಸಿದ ಮೊದಲ ಔಷಧಿಗಳ ಸಾಲಿನಲ್ಲಿ ಬರುತ್ತವೆ. ಗುಳಿಗೆ ಇತ್ತು, ಪುಡಿ ಇತ್ತು. ಮಕ್ಕಳಿಗೆ ನುಂಗೋಕೆ ಸುಲಭವಾಗಲಿ ಅಂತ ಟೆನೆಸ್ಸಿಯ ಮ್ಯಾಸೆಂಗಿಲ್ ಎಂಬ ಕಂಪನಿ ಸಿಹಿ ಸಿರಪ್ ಮಾಡಲು ಹೊರಟಿತು. ಸಲ್ಫಾ ನೀರಲ್ಲಿ ಸುಲಭವಾಗಿ ಕರಗಲ್ಲ. ಕಂಪನಿಯ ಕೆಮಿಸ್ಟ್ ಅದನ್ನ ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿದ, ರಾಸ್‌ಬೆರಿ ರುಚಿ ಸೇರಿಸಿದ. ಬಣ್ಣ ನೋಡಿದರು, ವಾಸನೆ ನೋಡಿದರು, ರುಚಿ ನೋಡಿದರು. ಕುಡಿದರೆ ಏನಾಗುತ್ತೆ ಅಂತ ಮಾತ್ರ ಯಾರೂ ನೋಡಲಿಲ್ಲ, ಯಾಕಂದರೆ ಆಗಿನ ಕಾನೂನು ಅದನ್ನ ಕೇಳ್ತಿರಲಿಲ್ಲ. ಡೈಎಥಿಲೀನ್ ಗ್ಲೈಕಾಲ್ ಮೂತ್ರಪಿಂಡ ಹಾಳು ಮಾಡುವ ವಿಷ. ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳು ಎಷ್ಟೋ. ತಮಾಷೆ ಅನ್ನೋದಾದರೆ ಇದು ಕ್ರೂರ ತಮಾಷೆ: ಸರ್ಕಾರಕ್ಕೆ ಆ ಬಾಟಲಿಗಳನ್ನ ಜಪ್ತಿ ಮಾಡಲು ಸಿಕ್ಕ ಕಾನೂನಿನ ದಾರಿ ಒಂದೇ. ಲೇಬಲ್ ಮೇಲೆ 'ಎಲಿಕ್ಸರ್' ಅಂತ ಬರೆದಿದ್ದರು, ಎಲಿಕ್ಸರ್ ಅಂದಮೇಲೆ ಅದರಲ್ಲಿ ಆಲ್ಕೋಹಾಲ್ ಇರಬೇಕಿತ್ತು, ಇರಲಿಲ್ಲ. ಅಂದರೆ ಕೇಸು ವಿಷ ಕೊಟ್ಟಿದ್ದಕ್ಕಲ್ಲ, ಹೆಸರು ತಪ್ಪಿದ್ದಕ್ಕೆ. ಮಾರಾಟಕ್ಕೆ ಮುಂಚೆ ಔಷಧಿ ಸುರಕ್ಷಿತ ಅಂತ ತೋರಿಸಲೇಬೇಕು ಎಂಬ ಅಮೆರಿಕದ ಕಾನೂನು ಬಂದಿದ್ದು ಮರುವರ್ಷ, 1938ರಲ್ಲಿ. ಇದೇ ವಿಷ 1986ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್‌ನಲ್ಲಿ ಬೆರೆತು ಜೀವ ತೆಗೀತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳ ಸಾವಿನ ಸುದ್ದಿ ಬಂದಾಗಲೂ ಇದೇ ಹೆಸರು. ಬಾಟಲಿಯ ಮೇಲಿನ ಬ್ಯಾಚ್ ನಂಬರು, ತಯಾರಕರ ಹೆಸರು, ಲೈಸೆನ್ಸ್ ನಂಬರು ಇವೆಲ್ಲ ಅಲಂಕಾರಕ್ಕಲ್ಲ ಸ್ವಾಮಿ. ಬಿಲ್ ಇಲ್ಲದೆ ಔಷಧಿ ತಗೋಬೇಡಿ ಅಂತ ನಾವು ಸ್ಟುಡಿಯೋದಲ್ಲಿ ಕೂತು ಕಿರುಚೋದು ಸುಮ್ಮನೆ ಅಲ್ಲ.

ಔಷಧಿಯನ್ನ ಯಾವುದರಲ್ಲಿ ಬೆರೆಸಬೇಕು ಎಂಬ ಜಗಳ ನಮ್ಮ ಸೀಮೆಗೆ ಹೊಸದೂ ಅಲ್ಲ. ಸೇಡಂ ಬಿಟ್ಟ ರೈಲು ಚಿತ್ತಾಪುರ ಮುಟ್ಟೋ ಮುಂಚೆ ಮಳಖೇಡ ರೋಡ್ ಅಂತ ಸ್ಟೇಷನ್ ಬರುತ್ತೆ. ಕಾಗಿಣಾ ದಂಡೆಯ ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. 'ಕಲ್ಯಾಣಕಾರಕ' ಬರೆದ ಜೈನ ವೈದ್ಯ ಉಗ್ರಾದಿತ್ಯ ನೃಪತುಂಗನ ಸಭೆಯಲ್ಲಿ ಔಷಧಿಗೆ ಮಾಂಸ ಬೇಕಿಲ್ಲ ಅಂತ ವಾದ ಮಾಡಿದ್ದನ್ನ ಆ ಗ್ರಂಥವೇ ಹೇಳುತ್ತೆ. ಚಿಕ್ಕವ್ವನ ಬಾಟಲಿ ಆ ಸ್ಟೇಷನ್ ದಾಟಿಯೇ ಬಂದದ್ದು.

ಇರಲಿ, ಪೆನಿಸಿಲಿನ್‌ಗೆ ಬರೋಣ. 1928ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಬೂಷ್ಟು ನೋಡಿದ ಕಥೆ ಎಲ್ಲರಿಗೂ ಗೊತ್ತು, ಶಾಲೆ ಪುಸ್ತಕದಲ್ಲೇ ಇದೆ. ಅದನ್ನ ನಿಜವಾದ ಔಷಧಿ ಮಾಡಿದ್ದು ಆಕ್ಸ್‌ಫರ್ಡ್‌ನ ಫ್ಲೋರಿ, ಚೈನ್ ಮತ್ತವರ ತಂಡ. 1941ರ ಫೆಬ್ರವರಿಯಲ್ಲಿ ಅವರು ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸನಿಗೆ ಅದನ್ನ ಕೊಟ್ಟರು. ಮುಖದಿಂದ ಶುರುವಾದ ಸೋಂಕು ಮೈಗೆಲ್ಲ ಹಬ್ಬಿ ಒಂದು ಕಣ್ಣು ತೆಗೆಯಬೇಕಾಗಿ ಬಂದಿತ್ತು. ಇಂಜೆಕ್ಷನ್ ಶುರುವಾದ ಒಂದೇ ದಿನದಲ್ಲಿ ಮನುಷ್ಯ ಚೇತರಿಸಿಕೊಂಡ, ಜ್ವರ ಇಳೀತು, ಊಟ ಸೇರಿತು. ಆದರೆ ಜಗತ್ತಿನಲ್ಲಿದ್ದ ಪೆನಿಸಿಲಿನ್ನೇ ಅಷ್ಟು! ಅವನ ಮೂತ್ರದಿಂದ ಔಷಧಿ ವಾಪಸ್ ತೆಗೆದು ಮತ್ತೆ ಅವನಿಗೇ ಕೊಟ್ಟರು. ಐದು ದಿನಕ್ಕೆ ಎಲ್ಲ ಖಾಲಿ. ಸೋಂಕು ತಿರುಗಿ ಬಂತು, ಮಾರ್ಚ್ 15ರಂದು ಆತ ತೀರಿಕೊಂಡ.

ಆತ ಸತ್ತದ್ದು ಔಷಧಿ ಮುಗಿದು ಹೋಗಿದ್ದಕ್ಕೆ. ನಾವು ಔಷಧಿ ಮಾಡದಲ್ಲಿ ಉಳಿದಿರುವಾಗಲೇ ನಿಲ್ಲಿಸ್ತೀವಿ.

ಫ್ಲೆಮಿಂಗ್‌ಗೆ ಇದು ಮುಂಚೆಯೇ ಕಂಡಿತ್ತು. 1945ರ ಡಿಸೆಂಬರ್‌ನಲ್ಲಿ ನೊಬೆಲ್ ಭಾಷಣದಲ್ಲಿ ಆತ ಒಂದು ಕಲ್ಪನೆಯ ಸಂಸಾರದ ಕಥೆ ಹೇಳಿದ. ಗಂಡನಿಗೆ ಗಂಟಲು ನೋವು. ಅಂಗಡಿಯಿಂದ ಪೆನಿಸಿಲಿನ್ ತಂದು ಸಾಲದಷ್ಟು ತಗೋತಾನೆ. ಕ್ರಿಮಿ ಸಾಯಲ್ಲ, ಔಷಧಿಯನ್ನ ತಾಳಿಕೊಳ್ಳೋದು ಕಲಿಯುತ್ತೆ. ಅದೇ ಕ್ರಿಮಿ ಹೆಂಡತಿಗೆ ಅಂಟುತ್ತೆ. ಅವಳಿಗೆ ನ್ಯುಮೋನಿಯಾ ಆಗಿ ಪೆನಿಸಿಲಿನ್ ಕೊಟ್ಟರೆ ಕೆಲಸ ಮಾಡಲ್ಲ, ಅವಳು ಸಾಯ್ತಾಳೆ. ಅರ್ಧ ಔಷಧಿ ಕುಡಿದವನು ಬದುಕಿದ, ಕುಡಿಯದವಳು ಸತ್ತಳು. ಬಹುಮಾನ ತಗೊಳ್ಳೋ ವೇದಿಕೆಯಲ್ಲೇ ಈ ಮಾತು ಆಡಬೇಕಾದರೆ ಎಷ್ಟು ಹೆದರಿದ್ದನೋ.

ಅದು ಕಲ್ಪನೆ. ನಿಜವಾದದ್ದು ನಮ್ಮ ಪಕ್ಕದ ರಾಜ್ಯದಲ್ಲೇ ಆಯಿತು. 1948ರಿಂದ ಟೈಫಾಯಿಡ್‌ಗೆ ಕ್ಲೋರಾಮ್‌ಫೆನಿಕಾಲ್ ಅಂತ ಔಷಧಿ ಬಂತು. ಮೂರು ನಾಲ್ಕು ವಾರ ನರಳಿಸಿ ಎಷ್ಟೋ ಮನೆಯ ದೀಪ ಆರಿಸುತ್ತಿದ್ದ ಜ್ವರ ದಿನಗಳಲ್ಲಿ ಇಳಿಯತೊಡಗಿತು. ಬಹಳ ಕಹಿ ಅಂತ ಮಕ್ಕಳಿಗೆ ರುಚಿ ಮರೆಸಿದ ಸಿರಪ್ಪೂ ಬಂತು. 1972ರಲ್ಲಿ ಕೇರಳದ ಕೋಝಿಕ್ಕೋಡ್‌ನಲ್ಲಿ ಟೈಫಾಯಿಡ್ ಎದ್ದಾಗ ಕ್ಲೋರಾಮ್‌ಫೆನಿಕಾಲ್ ಕೊಟ್ಟರೂ ಜ್ವರ ಬಗ್ಗಲಿಲ್ಲ. ಅಲ್ಲಿನ ಮೆಡಿಕಲ್ ಕಾಲೇಜಿನ ವೈದ್ಯರು ಅದನ್ನ 'ನೇಚರ್' ಪತ್ರಿಕೆಯಲ್ಲಿ ದಾಖಲಿಸಿದರು. ಆ ಬ್ಯಾಕ್ಟೀರಿಯಾ ತಾನು ಕಲಿತ ವಿದ್ಯೆಯನ್ನ ಬೇರೆ ಬ್ಯಾಕ್ಟೀರಿಯಾಗಳಿಗೂ ದಾಟಿಸಬಲ್ಲದು ಅಂತ ತೋರಿಸಿದರು. ಪೆನ್ ಡ್ರೈವ್‌ನಿಂದ ಪೆನ್ ಡ್ರೈವ್‌ಗೆ ಫೈಲ್ ಕಾಪಿ ಮಾಡ್ತೀವಲ್ಲ, ಹಾಗೆ.

ಇಷ್ಟರೊಳಗೆ ನಮ್ಮ ದೇಶವೂ ಸುಮ್ಮನೆ ಕೂತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ನೆರವಿನಿಂದ 1954ರಲ್ಲಿ ಪುಣೆ ಹತ್ತಿರದ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಶುರುವಾಯಿತು, ಮರುವರ್ಷ ಪೆನಿಸಿಲಿನ್ ತಯಾರಿಸಿತು. ಪಿಂಪ್ರಿ ಇರೋದು ಮುಂಬೈ–ಪುಣೆ ರೈಲು ದಾರಿಯಲ್ಲಿ. ಅದೇ ಹಳಿ ಸೊಲ್ಲಾಪುರ, ಕಲಬುರಗಿ ದಾಟಿ ಶಹಾಬಾದ್, ವಾಡಿಗೆ ಬರುತ್ತೆ. 1981ರಲ್ಲಿ ಅದೇ ಕಂಪನಿ ನಮ್ಮ ಕೆಎಸ್‌ಐಐಡಿಸಿ ಜೊತೆ ಸೇರಿ ಬೆಂಗಳೂರಿನಲ್ಲಿ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯೂಟಿಕಲ್ಸ್ ಕಟ್ಟಿತು. ಆಕ್ಸ್‌ಫರ್ಡ್‌ನಲ್ಲಿ ಒಬ್ಬ ಪೊಲೀಸನಿಗೆ ಸಾಲದೇ ಹೋದ ಔಷಧಿ ನಲವತ್ತೇ ವರ್ಷದಲ್ಲಿ ತಾಲ್ಲೂಕು ಕೇಂದ್ರದ ಮೆಡಿಕಲ್ ಶಾಪಿನ ಕಪಾಟಿಗೆ ಬಂದು ಕೂತಿತು. ಅಗ್ಗವಾಯಿತು. ಕೈಗೆ ಸಿಕ್ಕಿತು. ಭಯ ಹೋಯಿತು.

ಈಗ ಬಾಟಲಿಯೊಳಗಿನ ಪುಡಿ. ಅದನ್ನ ಪುಡಿಯಾಗಿಯೇ ಯಾಕೆ ಮಾರ್ತಾರೆ, ನೀರು ಸೇರಿಸಿ ಯಾಕೆ ಕೊಡಲ್ಲ? ಮೊದಲ ಪೆನಿಸಿಲಿನ್ ಹೊಟ್ಟೆಯ ಆಮ್ಲದಲ್ಲೇ ಒಡೆದು ಹೋಗ್ತಿತ್ತು, ಅದಕ್ಕೇ ಸೂಜಿ. 1950ರ ದಶಕದಲ್ಲಿ ಆಮ್ಲ ತಡೆಯೋ ಪೆನಿಸಿಲಿನ್, 1961ರಲ್ಲಿ ಆಂಪಿಸಿಲಿನ್, 70ರ ದಶಕದಲ್ಲಿ ಅಮಾಕ್ಸಿಸಿಲಿನ್ ಬಂದಮೇಲೆ ಬಾಯಿಯಿಂದ ಕೊಡೋದು ಸಲೀಸಾಯಿತು. ಆದರೂ ಈ ಕುಟುಂಬದ ಅಣುವಿನ ನಡುವೆ ನಾಲ್ಕು ಮೂಲೆಯ ಒಂದು ಉಂಗುರ ಇದೆ. ಬಗ್ಗಿಸಿ ಬಿಗಿದಿಟ್ಟ ಸ್ಪ್ರಿಂಗ್ ಅಂದ್ಕೊಳ್ಳಿ. ಬ್ಯಾಕ್ಟೀರಿಯಾ ಗೋಡೆ ಕಟ್ಟೋದನ್ನ ನಿಲ್ಲಿಸೋ ಶಕ್ತಿ ಆ ಬಿಗಿತದಲ್ಲೇ ಇದೆ. ನೀರು ತಾಗಿದರೆ ಉಂಗುರ ನಿಧಾನಕ್ಕೆ ಬಿಚ್ಚಿಕೊಳ್ಳುತ್ತೆ, ಬಿಸಿ ಇದ್ದರೆ ಬೇಗ ಬಿಚ್ಚಿಕೊಳ್ಳುತ್ತೆ. ಅಂದರೆ ನೀರು ಬೆರೆಸಿದ ಕ್ಷಣದಿಂದ ಗಡಿಯಾರ ಓಡೋಕೆ ಶುರು. ಲೇಬಲ್ ಮೇಲಿನ ಎಕ್ಸ್‌ಪೈರಿ ದಿನಾಂಕ ಪುಡಿಯದ್ದು. ಬೆರೆಸಿದ ಸಿರಪ್‌ನದ್ದು ಬೇರೆ ಲೆಕ್ಕ: ಅಮಾಕ್ಸಿಸಿಲಿನ್ ಜೊತೆ ಕ್ಲಾವುಲಾನಿಕ್ ಆ್ಯಸಿಡ್ ಇರೋದಾದರೆ ಫ್ರಿಜ್‌ನಲ್ಲಿಟ್ಟು ಏಳು ದಿನ. ಬೇರೆ ಬೇರೆ ಔಷಧಿಗೆ ಬೇರೆ ಬೇರೆ ಗಡುವು, ಕೆಲವನ್ನ ಫ್ರಿಜ್‌ನಲ್ಲಿ ಇಡಲೂಬಾರದು. ಲೇಬಲ್ ಓದಿ, ಬೆರೆಸಿದ ತಾರೀಕು ಪೆನ್ನಿನಲ್ಲಿ ಬರೆದಿಡಿ. ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಅದರಲ್ಲಿ ಸಂಕೋಚ ಏನಿದೆ? ನೀರಿನಲ್ಲಿ ಕರಗಿಸಿ ಕೊಡೋ ಗುಳಿಗೆಯೂ ಇದೆ. ಮಕ್ಕಳ ನ್ಯುಮೋನಿಯಾಕ್ಕೆ ಅಮಾಕ್ಸಿಸಿಲಿನ್ನಿನ ಅಂಥ ಗುಳಿಗೆಯನ್ನ ವಿಶ್ವ ಆರೋಗ್ಯ ಸಂಸ್ಥೆಯೇ ಶಿಫಾರಸು ಮಾಡುತ್ತೆ.

ಬಾಟಲಿಯ ಕುತ್ತಿಗೆ ಹತ್ತಿರದ ಗೆರೆಗೆ ಬನ್ನಿ. 5 ಎಂಎಲ್‌ಗೆ 125 ಮಿಲಿಗ್ರಾಂ ಅಂತ ಬರೆದಿದ್ದರೆ, 30 ಎಂಎಲ್ ಬಾಟಲಿಯಲ್ಲಿ 750 ಮಿಲಿಗ್ರಾಂ ಔಷಧಿ ಇದೆ. ಗೆರೆ ದಾಟಿ 40 ಎಂಎಲ್‌ವರೆಗೆ ನೀರು ತುಂಬಿಸಿದಿರಿ ಅನ್ನಿ. ಆಗ ಮಗುವಿಗೆ 5 ಎಂಎಲ್‌ನಲ್ಲಿ ಸಿಗೋದು 93 ಚಿಲ್ಲರೆ ಮಿಲಿಗ್ರಾಂ. ಫ್ಲೆಮಿಂಗ್ ಹೇಳಿದ ಸಾಲದಷ್ಟು ಔಷಧಿ ಅಂದರೆ ಇದೇ. ಕಡಿಮೆ ನೀರು ಹಾಕಿದರೆ ಡೋಸು ಹೆಚ್ಚು. ಕುದಿಸಿ ಆರಿಸಿದ ನೀರು, ಮೊದಲು ಸ್ವಲ್ಪ ಹಾಕಿ ಚೆನ್ನಾಗಿ ಅಲುಗಾಡಿಸಿ, ನೊರೆ ಇಳಿದಮೇಲೆ ಗೆರೆಯವರೆಗೆ ತುಂಬಿಸಿ. ಪ್ರತಿ ಸಲ ಕೊಡುವ ಮುಂಚೆ ಮತ್ತೆ ಅಲುಗಾಡಿಸಿ, ಇಲ್ಲದಿದ್ದರೆ ಔಷಧಿ ತಳದಲ್ಲೇ ಕೂರುತ್ತೆ. ಅಳೆಯೋದು ಜೊತೆಗೆ ಬಂದ ಮುಚ್ಚಳದಲ್ಲೇ, ಅಡುಗೆಮನೆ ಚಮಚದಲ್ಲಿ ಅಲ್ಲ. ಡೋಸು ಮಗುವಿನ ತೂಕದ ಮೇಲೆ ಹೋಗುತ್ತೆ. ಚಿಂಚೋಳಿಯ ಎಂಟು ವರ್ಷದ ಹುಡುಗನ ಲೆಕ್ಕ ಶಹಾಬಾದ್‌ನ ನಾಲ್ಕು ವರ್ಷದವನಿಗೆ ಬರಲ್ಲ. ಔಷಧಿ ಕೊಟ್ಟಮೇಲೆ ಮೈಮೇಲೆ ದದ್ದು ಎದ್ದರೆ ಮುಂದಿನ ಡೋಸಿಗೆ ಮುಂಚೆ ಡಾಕ್ಟರನ್ನ ಕೇಳಿ. ಮುಖ ಊದಿದರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಓಡಿ.

ಎಷ್ಟು ದಿನ ಕೊಡಬೇಕು? ಇಲ್ಲಿ ಡಾಕ್ಟರುಗಳೂ ಹಳೇ ಪಾಠ ತಿದ್ದಿಕೊಳ್ತಿದ್ದಾರೆ. ಎಲ್ಲಕ್ಕೂ ಉದ್ದ ಕೋರ್ಸ್ ಬೇಕಿಲ್ಲ ಅಂತ 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲೇ ಲೇಖನ ಬಂತು, ಕೆಲವು ಸೋಂಕಿಗೆ ಮೂರರಿಂದ ಐದು ದಿನ ಸಾಕು. ಆದರೆ ದಿನ ಕಡಿಮೆ ಮಾಡೋದು ನಿಮ್ಮ ಡಾಕ್ಟರ್, ನೀವಲ್ಲ, ನಿಮ್ಮ ಚಿಕ್ಕವ್ವ ಅಲ್ಲ, ಟಿವಿಯಲ್ಲಿ ಕೂತ ನಾನಂತೂ ಅಲ್ಲವೇ ಅಲ್ಲ. ಇನ್ನು ನೆಗಡಿಗೆ, ಫ್ಲೂಗೆ ಕಾರಣ ವೈರಸ್ಸು. ಅದಕ್ಕೆ ಕಟ್ಟಲು ಗೋಡೆಯೇ ಇಲ್ಲ, ಈ ಔಷಧಿ ಒಡೆಯೋದಾದರೂ ಏನನ್ನ?

ಕೊನೆಯ ಗೆರೆ ಕೆಂಪು. 2014ರ ಮಾರ್ಚ್ 1ರಿಂದ ಷೆಡ್ಯೂಲ್ ಎಚ್1 ಜಾರಿಗೆ ಬಂತು. ಸೆಫಿಕ್ಸಿಮ್‌ನಂಥ ಔಷಧಿ ಮಾರಿದರೆ ಮೆಡಿಕಲ್‌ನವರು ಬರೆದ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟರು ಎಲ್ಲ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಅಮಾಕ್ಸಿಸಿಲಿನ್ ಹಳೇ ಷೆಡ್ಯೂಲ್ ಎಚ್‌ನಲ್ಲೇ ಇದೆ, ಅದಕ್ಕೂ ಚೀಟಿ ಬೇಕೇ ಬೇಕು. 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಕೆಂಪು ಗೆರೆಯ ಔಷಧಿ ಚೀಟಿ ಇಲ್ಲದೆ ಬೇಡ ಅಂತ ಪ್ರಚಾರವನ್ನೂ ಮಾಡಿತು. ಮೊನ್ನೆ ಊರಿಗೆ ಹೋದಾಗ ಒಂದು ಅಂಗಡಿಯಲ್ಲಿ ಸುಮ್ಮನೆ ಕೇಳಿದೆ. ಚೀಟಿ ಕೇಳದೆ ಕೊಟ್ಟರು. ಚಿಲ್ಲರೆ ಇಲ್ಲ ಅಂತ ಚಾಕೊಲೇಟನ್ನೂ ಕೊಟ್ಟರು. ಈ ಔಷಧಿಗಳನ್ನ ತಾಳಿಕೊಂಡ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ 12 ಲಕ್ಷ 70 ಸಾವಿರ ಜನ ಸತ್ತರು ಅಂತ 'ಲ್ಯಾನ್ಸೆಟ್'ನಲ್ಲಿ ಅಂದಾಜು ಬಂದಿದೆ.

ತಮ್ಮನ ವಿಷಯ ಬಾಕಿ ಇತ್ತಲ್ಲ. ಎರಡು ದಿನ ಜ್ವರ ಇಳಿದ ಹಾಗೆ ಕಂಡಿತು, ಬಾಟಲಿ ಖಾಲಿಯಾಯಿತು, ನಾಲ್ಕನೇ ದಿನ ಸುಡುವ ಜ್ವರ. ಕಲಬುರಗಿಯ ಒಂದು ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, 'ಮೊದಲ ಏನರ ದವಾ ಹಾಕೀರೇನ್ರಿ?' ಅವ್ವ ಇಲ್ಲ ಅಂದಳು. ಬೈತಾರೆ ಅಂತ ಹೆದರಿಕೆ. ರಕ್ತ ಕಲ್ಚರ್‌ಗೆ ಹೋಯಿತು, ಏನೂ ಬೆಳೆಯಲಿಲ್ಲ. ಮೊದಲೇ ಒಳಗೆ ಹೋಗಿದ್ದ ಅಷ್ಟಿಷ್ಟು ಔಷಧಿ ಬ್ಯಾಕ್ಟೀರಿಯಾವನ್ನ ಕೊಂದಿರಲಿಲ್ಲ, ಪರೀಕ್ಷೆಗೆ ಸಿಗದಂತೆ ಅಡಗಿಸಿತ್ತು. ಟೈಫಾಯಿಡೇ ಇರಬೇಕು ಅಂತ ಊಹೆಯ ಮೇಲೆ ಹದಿನಾಲ್ಕು ದಿನ ಇಂಜೆಕ್ಷನ್. ಆರನೇ ದಿನ ಅವ್ವ ಡಾಕ್ಟರ ಮುಂದೆ ಅತ್ತು ಬಾಟಲಿ ವಿಷಯ ಹೇಳಿದಳು. ಅವರು ಬೈಯಲಿಲ್ಲ. 'ಇದನ್ನ ಮೊದಲ ದಿನ ಹೇಳಬೇಕಿತ್ತು ತಾಯಿ' ಅಂದು ಕೇಸ್ ಶೀಟಿನಲ್ಲಿ ಬರೆದುಕೊಂಡರು.

ತಮ್ಮ ಉಳಿದ. ಈಗ ವಾಡಿಯಲ್ಲೇ ಕೆಲಸ, ಮೂರು ವರ್ಷದ ಮಗಳಿದ್ದಾಳೆ. ಕಳೆದ ವಾರ ರಾತ್ರಿ ನ್ಯೂಸ್ ಮುಗಿಸಿ ಬರುವಷ್ಟರಲ್ಲಿ ಅವನ ಫೋನು. 'ಅಣ್ಣಾ, ಪಾಪುಗ ಕಿವಿ ಸೋರಲಿಕತ್ತದ. ಡಾಕ್ಟ್ರು ಸಿರಪ್ ಬರದಾರ, ಏಳು ದಿನ. ಎರಡು ಬಾಟಲಿ ತಗೋ ಅಂದಾರ. ಎರಡೂ ಈಗ ಕಲಸಲೇನು?' ಒಂದು ಮುಗಿದಮೇಲೆ ಇನ್ನೊಂದು ಅಂದೆ. ಹಿಂದಿನಿಂದ ಅವ್ವನ ದನಿ ಕೇಳಿಸಿತು, ತಾರೀಕು ಬರೀಲಿಕ್ಕೆ ಪೆನ್ನು ಎಲ್ಲಿಟ್ಟಿ ಅಂತ ಕೇಳುತ್ತಿದ್ದಳು.