ಕಪ್ಪು-ಬಿಳುಪು ಫೋಟೋಗೆ ಯಾವ ಪ್ರಿಂಟರ್ ಆದರೂ ನಡೆಯುತ್ತದೆಯೇ?

“ಹಳೇ ಫೋಟೋ ಸ್ಕ್ಯಾನ್ ಮಾಡಿ ಮನೆಯಲ್ಲೇ ಪ್ರಿಂಟ್ ತೆಗೀರಿ. ಕಪ್ಪು-ಬಿಳುಪು ತಾನೇ, ಯಾವ ಪ್ರಿಂಟರ್ ಆದರೂ ನಡೆಯುತ್ತೆ.” ಕುಟುಂಬದ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಸಲಹೆ ಆಗಾಗ ಬರುತ್ತದೆ. ನಮ್ಮ ತಂಡದವರೊಬ್ಬರು ಇದನ್ನೇ ನಂಬಿ, ಅಜ್ಜಿಯದೆಂದು ಉಳಿದಿದ್ದ ಒಂದೇ ಒಂದು ಫೋಟೋವನ್ನು ಮನೆಯ ಸಾಧಾರಣ ಪ್ರಿಂಟರಿನಲ್ಲಿ ಮುದ್ರಿಸಿ ಕಟ್ಟು ಹಾಕಿಸಿದರು. ರಾತ್ರಿ ಟ್ಯೂಬ್‌ಲೈಟಿನಲ್ಲಿ ಚೆನ್ನಾಗಿಯೇ ಕಂಡ ಮುಖ ಬೆಳಗ್ಗೆ ಕಿಟಕಿಯ ಬೆಳಕಿಗೆ ಹಸಿರು ಹಸಿರಾಗಿತ್ತು. ವರ್ಷ ತುಂಬುವಷ್ಟರಲ್ಲಿ ಅದೇ ಮುಖ ಕೆಂಪಗಾಗುತ್ತಾ ಬಂತು.

ತಪ್ಪು ಎಲ್ಲಾಯಿತು ಎಂದು ಹುಡುಕುತ್ತಾ ಹೋದಾಗ ನಮಗೆ ತಿಳಿದದ್ದು ಇಷ್ಟು: ಕಪ್ಪು-ಬಿಳುಪು ಫೋಟೋದಲ್ಲಿ ಕಪ್ಪು ಇರುವುದು ಸ್ವಲ್ಪವೇ. ಉಳಿದದ್ದೆಲ್ಲ ಬೂದು. ಕೆನ್ನೆ, ಸೀರೆಯ ನೆರಿಗೆ, ಹಿಂದಿನ ಗೋಡೆ ಎಲ್ಲವೂ ಬೂದಿನ ನೂರಾರು ಛಾಯೆಗಳು. ಹಾಗಾಗಿ ಪ್ರಿಂಟರ್ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಒಂದೇ, ಇದು ಬೂದು ಬಣ್ಣವನ್ನು ಹೇಗೆ ಮಾಡುತ್ತದೆ?

ಮನೆ, ಆಫೀಸುಗಳಲ್ಲಿ ಬಳಸುವ ಸಾಮಾನ್ಯ ಇಂಕ್‌ಜೆಟ್‌ನಲ್ಲಿ ನಾಲ್ಕು ಇಂಕ್ ಇರುತ್ತವೆ: ಸಯಾನ್ ಎಂಬ ತಿಳಿನೀಲಿ, ಮಜೆಂಟಾ, ಹಳದಿ, ಕಪ್ಪು. ಬೂದು ಬಣ್ಣಕ್ಕೆ ಇದರ ಬಳಿ ಎರಡೇ ದಾರಿ. ಒಂದು, ಕಪ್ಪು ಚುಕ್ಕಿಗಳನ್ನು ದೂರ ದೂರ ಉದುರಿಸಿ, ನಡುವಿನ ಬಿಳಿ ಕಾಗದವೂ ಸೇರಿ ದೂರದಿಂದ ಬೂದಾಗಿ ಕಾಣುವಂತೆ ಮಾಡುವುದು. ಆಗ ಮುಖದ ಮೇಲೆ ರವೆ ಚೆಲ್ಲಿದಂತೆ ಕಾಣುತ್ತದೆ. ಇನ್ನೊಂದು, ಮೂರು ಬಣ್ಣಗಳನ್ನು ಬೆರೆಸಿ ಬೂದು ಹುಟ್ಟಿಸುವುದು. ಇದು ನುಣುಪಾಗಿ ಬರುತ್ತದೆ. ಆದರೆ ಮೂರರಲ್ಲಿ ಒಂದು ಸ್ವಲ್ಪ ಹೆಚ್ಚಾದರೂ ಚಿತ್ರಕ್ಕೆ ಹಸಿರೋ ಕೆಂಪೋ ಬಣ್ಣ ಹತ್ತಿಕೊಳ್ಳುತ್ತದೆ. ಬಣ್ಣದ ಫೋಟೋದಲ್ಲಾದರೆ ಇಷ್ಟು ವ್ಯತ್ಯಾಸ ನಮ್ಮ ಗಮನಕ್ಕೇ ಬರುವುದಿಲ್ಲ. ಬೂದಿನಲ್ಲಿ ಮಾತ್ರ ಕಣ್ಣು ತಕ್ಷಣ ಹಿಡಿಯುತ್ತದೆ. ಬಿಸಿಲು, ಟ್ಯೂಬ್‌ಲೈಟ್, ಎಲ್‌ಇಡಿ ಇವುಗಳಲ್ಲಿ ಬಣ್ಣಗಳ ಪಾಲು ಬೇರೆ ಬೇರೆ ಇರುವುದರಿಂದ ಬೆರಕೆ ಬೂದು ಒಂದೊಂದು ಬೆಳಕಿನಲ್ಲಿ ಒಂದೊಂದು ಥರ ಕಾಣುತ್ತದೆ. ರಾತ್ರಿ ಸರಿಯಿದ್ದ ಅಜ್ಜಿಯ ಮುಖ ಬೆಳಗ್ಗೆ ಹಸಿರಾದದ್ದು ಹೀಗೆ.

“ಕಪ್ಪು ಇಂಕ್ ಮಾತ್ರ ಬಳಸು” ಎಂದು ಸೆಟ್ಟಿಂಗ್ ಬದಲಿಸಿದರೆ ಆಯಿತಲ್ಲ ಎನ್ನಬಹುದು. ಅಲ್ಲೂ ಒಂದು ತೊಡಕಿದೆ. ಹಲವು ನಾಲ್ಕು ಬಣ್ಣದ ಪ್ರಿಂಟರುಗಳಲ್ಲಿನ ಕಪ್ಪು ಇಂಕ್ ಸಾದಾ ಕಾಗದದ ಅಕ್ಷರಗಳಿಗಾಗಿ ಮಾಡಿದ್ದು, ಹೊಳಪಿನ ಫೋಟೋ ಪೇಪರಿನ ಮೇಲೆ ಸರಿಯಾಗಿ ಕೂರುವುದಿಲ್ಲ. ನೀವು ಫೋಟೋ ಪೇಪರ್ ಆರಿಸಿದ ಕೂಡಲೇ ಇಂಥ ಪ್ರಿಂಟರ್ ಆ ಕಪ್ಪನ್ನು ಬದಿಗಿಟ್ಟು ಮತ್ತೆ ಬಣ್ಣಗಳನ್ನೇ ಬೆರೆಸುತ್ತದೆ.

ಪರಿಹಾರ ಎಂದರೆ ಬೂದು ಇಂಕನ್ನೇ ತುಂಬಿಕೊಂಡಿರುವ ಪ್ರಿಂಟರ್. ಇಲ್ಲಿ ಬಹಳ ಜನ ಎಡವುವುದು “ಆರು ಬಣ್ಣದ ಪ್ರಿಂಟರ್” ಎಂಬ ಮಾತಿನಲ್ಲಿ. ಎಪ್ಸನ್ ಎಲ್805ರಲ್ಲಿ ಆರು ಇಂಕ್ ಇವೆ, ನಿಜ. ಆದರೆ ಹೆಚ್ಚುವರಿ ಎರಡು ತಿಳಿ ಸಯಾನ್ ಮತ್ತು ತಿಳಿ ಮಜೆಂಟಾ. ಬಣ್ಣದ ಫೋಟೋಗೆ ಅದು ಒಳ್ಳೆಯದೇ, ಬೂದು ಮಾತ್ರ ಅದರಲ್ಲಿಲ್ಲ. ಅದೇ ಕಂಪನಿಯ ಎಲ್8160 ಮತ್ತು ಎಲ್8180ರಲ್ಲೂ ಆರೇ ಇಂಕ್, ಅದರಲ್ಲೊಂದು ಬೂದು. ಸಂಖ್ಯೆ ಒಂದೇ, ಕಪ್ಪು-ಬಿಳುಪಿನ ಫಲಿತಾಂಶ ಬೇರೆ. ಇನ್ನೂ ಮೇಲಿನ ಮಟ್ಟದಲ್ಲಿ, 2020ರಲ್ಲಿ ಬಂದ ಎಪ್ಸನ್ ಪಿ700 ಮತ್ತು ಪಿ900ರಲ್ಲಿ ಹತ್ತು ಇಂಕ್‌ಗಳಿದ್ದು ಬೂದು, ತಿಳಿ ಬೂದು ಎರಡೂ ಇವೆ. ಕ್ಯಾನನ್ ಪ್ರೊ-300ರಲ್ಲಿ ಒಂದು ಬೂದು ಇದೆ. ಈ ಮೂರರಲ್ಲೂ ಹೊಳಪಿನ ಪೇಪರಿಗೆ ಫೋಟೋ ಬ್ಲ್ಯಾಕ್, ಹೊಳಪಿಲ್ಲದ ಪೇಪರಿಗೆ ಮ್ಯಾಟ್ ಬ್ಲ್ಯಾಕ್ ಎಂದು ಎರಡು ಕಪ್ಪುಗಳಿವೆ. ಕಪ್ಪು-ಬಿಳುಪಿಗೆಂದೇ ಪ್ರತ್ಯೇಕ ಮೋಡ್ ಕೂಡ ಇದೆ. ಆದರೆ ಇವು ಮನೆಬಳಕೆಯ ಬೆಲೆಯವಲ್ಲ.

ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ ಡಿಪಿಐ ನೋಡಿ ಮರುಳಾಗಬೇಡಿ. ನಾಲ್ಕು ಇಂಕಿನ ಎಲ್3250 ಮೇಲೂ 5760 x 1440 ಎಂದೇ ಇದೆ, ಹತ್ತು ಇಂಕಿನ ಪಿ900 ಮೇಲೂ ಅದೇ. ಹನಿಗಳನ್ನು ಎಷ್ಟು ಒತ್ತಾಗಿ ಇಡಬಲ್ಲದು ಎಂಬುದನ್ನು ಆ ಅಂಕಿ ಹೇಳುತ್ತದೆಯೇ ಹೊರತು ಆ ಹನಿ ಯಾವ ಬಣ್ಣದ್ದು ಎಂದಲ್ಲ.

ಇನ್ನು ಬಾಳಿಕೆಯ ಮಾತು. ಇಂಕ್‌ನಲ್ಲಿ ಎರಡು ಜಾತಿ. ಡೈ ಇಂಕ್ ಎಂದರೆ ನೀರಿನಲ್ಲಿ ಪೂರ್ತಿ ಕರಗಿದ ಬಣ್ಣ. ಪಿಗ್ಮೆಂಟ್ ಇಂಕ್‌ನಲ್ಲಿ ಬಣ್ಣದ ಸಣ್ಣ ಕಣಗಳು ತೇಲುತ್ತಿರುತ್ತವೆ. ಬೆಳಕಿಗೂ ಗಾಳಿಗೂ ಡೈ ಬೇಗ ಸೋಲುತ್ತದೆ. 2000ದಲ್ಲಿ ಎಪ್ಸನ್ ಸ್ಟೈಲಸ್ ಫೋಟೋ 870 ಮತ್ತು 1270 ಬಂದಾಗ ಇದು ದೊಡ್ಡ ಸುದ್ದಿಯಾಗಿತ್ತು. ವರ್ಷಗಟ್ಟಲೆ ಬಾಳುತ್ತವೆ ಎಂದುಕೊಂಡಿದ್ದ ಪ್ರಿಂಟ್‌ಗಳು ಕೆಲವರ ಮನೆಗಳಲ್ಲಿ ಕೆಲವೇ ದಿನಗಳಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿದವು. ಗಾಳಿಯಲ್ಲಿನ ಓಝೋನ್ ಸಯಾನ್ ಬಣ್ಣವನ್ನು ತಿಂದುಹಾಕಿದಾಗ ಮಜೆಂಟಾ, ಹಳದಿ ಮಾತ್ರ ಉಳಿದು ಹೀಗಾಗುತ್ತದೆ. ಬೆರಕೆ ಬೂದಿನ ಅಪಾಯವೇ ಇದು. ಮೂರರಲ್ಲಿ ಒಂದು ಮಾಸಿದರೂ ಫೋಟೋ ಕಪ್ಪು-ಬಿಳುಪಾಗಿ ಉಳಿಯುವುದಿಲ್ಲ. ಪಿ700, ಪಿ900, ಪ್ರೊ-300 ಇವು ಪಿಗ್ಮೆಂಟ್. ಎಲ್8180ರ ಬೂದು ಡೈ, ಹಾಗಾಗಿ ಅದರ ಪ್ರಿಂಟನ್ನು ಗಾಜಿನ ಹಿಂದೆ, ಬಿಸಿಲು ಬೀಳದ ಗೋಡೆಯ ಮೇಲೆ ಇಡಬೇಕು. ಅಗ್ಗಕ್ಕೆ ಸಿಗುವ ಬೇರೆ ಕಂಪನಿಯ ಇಂಕ್ ತುಂಬಿಸಿದರೆ ಬಾಳಿಕೆಯ ಯಾವ ಲೆಕ್ಕವೂ ಅನ್ವಯಿಸದು.

“ಲ್ಯಾಮಿನೇಷನ್ ಮಾಡಿಸಿದರೆ ಬಣ್ಣ ಹೋಗಲ್ಲ” ಎನ್ನುವುದು ಅರ್ಧ ಸತ್ಯ. ಗಾಳಿ, ತೇವ ತಡೆಯುತ್ತದೆ, ಬೆಳಕು ಒಳಗೆ ಹೋಗಿಯೇ ಹೋಗುತ್ತದೆ. ಹಳೆಯ ಮೂಲ ಫೋಟೋಗಂತೂ ಲ್ಯಾಮಿನೇಷನ್ ಬೇಡವೇ ಬೇಡ, ಒಮ್ಮೆ ಅಂಟಿದರೆ ಬಿಡಿಸಲಾಗದು.

ಹಾಗಾದರೆ ಯಾವುದು ಕೊಳ್ಳಬೇಕು? ವರ್ಷಕ್ಕೆ ಐದಾರು ಫೋಟೋ ಮುದ್ರಿಸುವವರಿಗೆ ನಮ್ಮ ಉತ್ತರ: ಯಾವುದೂ ಬೇಡ. ಇಂಕ್‌ಜೆಟ್ ಸುಮ್ಮನೆ ಕೂತರೆ ಹೆಡ್‌ನಲ್ಲಿ ಇಂಕ್ ಒಣಗಿ ಕಟ್ಟಿಕೊಳ್ಳುತ್ತದೆ. ಕ್ಲೀನಿಂಗ್ ಮಾಡಿದಷ್ಟೂ ಫೋಟೋಗೆ ಹೋಗಬೇಕಾದ ಇಂಕ್ ವ್ಯರ್ಥವಾಗುತ್ತದೆ. ಬೂದು ಇಂಕಿನ ಪ್ರಿಂಟರ್ ಇರುವ ಅಂಗಡಿಯನ್ನು ಹುಡುಕಿ ಅಲ್ಲಿ ಮಾಡಿಸುವುದೇ ಅಗ್ಗ. ತಿಂಗಳಿಗೆ ಹಲವು ಪ್ರಿಂಟ್ ತೆಗೆಯುವವರು, ಬಣ್ಣದ ಫೋಟೋ ಕೂಡ ಬೇಕೆನ್ನುವವರು ಎಲ್8160ರಂಥದ್ದನ್ನು ನೋಡಬಹುದು. ಫೋಟೋ ಮಾರುವವರಿಗೆ, ಪ್ರದರ್ಶನಕ್ಕೆ ಇಡುವವರಿಗೆ ಪಿಗ್ಮೆಂಟ್ ಪ್ರಿಂಟರೇ ಸರಿ.

ಕೊಳ್ಳುವುದೇ ಆದರೆ ಒಂದು ಕಪ್ಪು-ಬಿಳುಪು ಮುಖದ ಚಿತ್ರವನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ, ಅಲ್ಲೇ ಒಂದು ಹಾಳೆ ಮುದ್ರಿಸಿಕೊಡಲು ಕೇಳಿ. ಅದನ್ನು ಮೊದಲು ಒಳಗಿನ ದೀಪದಡಿ, ಆಮೇಲೆ ಬಾಗಿಲಾಚೆ ಹಗಲು ಬೆಳಕಿನಲ್ಲಿ ಹಿಡಿದು ನೋಡಿ. ಎರಡು ಕಡೆಯೂ ಕೆನ್ನೆ ಒಂದೇ ಬೂದಾಗಿ ಕಂಡರೆ ದುಡ್ಡು ಕೊಡಬಹುದು.

ಅಜ್ಜಿಯ ಫೋಟೋವನ್ನು ಕೊನೆಗೆ ಪಿಗ್ಮೆಂಟ್ ಪ್ರಿಂಟರ್ ಇದ್ದ ಒಂದು ಸ್ಟುಡಿಯೋದಲ್ಲಿ ಮ್ಯಾಟ್ ಪೇಪರಿನ ಮೇಲೆ ಹೊಸದಾಗಿ ಮಾಡಿಸಿದರು. ಅದೀಗ ನಡುಮನೆಯಲ್ಲಿ, ಬಿಸಿಲು ತಾಗದ ಗೋಡೆಯ ಮೇಲಿದೆ.