ಹಳೆಯ ಜೀಪಿಗೆ ರಿವರ್ಸ್ ಲೈಟ್ ಇತ್ತೇ?

ನಮ್ಮ ಸಹಕಾರ ಸಂಘದ ರಜತ ಮಹೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಸಂಘದ ಚರಿತ್ರೆಯನ್ನು ಹಿರಿಯರು ಬರೆದಿದ್ದಾರೆ. ನಾವು ಬರೆಯಹೊರಟಿರುವುದು ಒಂದು ಸಣ್ಣ ದೀಪದ ಚರಿತ್ರೆ. ಜೀಪಿನ ಬೆನ್ನ ಹಿಂದೆ ಉರಿಯುವ ಬಿಳಿ ರಿವರ್ಸ್ ಲೈಟಿನದು. ಇದೂ ಒಂದು ವಿಷಯವೇ ಎಂದು ಓದುಗ ಬಾಂಧವರು ನಗಬಹುದು. ಆದರೆ ಸಂಘ ಶುರುವಾದ ವರ್ಷಗಳಲ್ಲಿ ಮಳೆಗಾಲದ ಕೆಸರಿನಲ್ಲಿ ಲಾರಿ ಬಾರದಿದ್ದಾಗ ಗೊಬ್ಬರದ ಚೀಲ, ಮೈಲುತುತ್ತ, ಸುಣ್ಣ ಎಲ್ಲವನ್ನೂ ಗೋದಾಮಿಗೆ ತಂದು ಹಾಕಿದ್ದು ಊರಿನ ಮೇಲಿನ ಮನೆಯ ಹಳೇ ಜೀಪು. ಆ ಜೀಪಿನ ಋಣ ನಮ್ಮ ಮೇಲಿದೆ.

ಹತ್ತಾರು ವರ್ಷ ಕೊಟ್ಟಿಗೆಯಲ್ಲಿ ಕೋಳಿ ಗೂಡಾಗಿದ್ದ ಆ ಜೀಪನ್ನು ಮಹೋತ್ಸವದ ಮೆರವಣಿಗೆಗೆ ಸಜ್ಜು ಮಾಡೋಣ ಎಂದು ಊರಿನ ಹುಡುಗರು ಹೊರಟರು. ಎಲ್ಲವೂ ಮೂಲದಲ್ಲಿ ಇದ್ದಂತೆಯೇ ಇರಬೇಕು ಎಂಬುದು ಅವರ ಹಟ. ಪೇಟೆಯ ಹಳೇ ಸಾಮಾನಿನ ಅಂಗಡಿಯವನೊಬ್ಬ "ಇದು ಒರಿಜಿನಲ್ ಮಿಲಿಟರಿ ರಿವರ್ಸ್ ಲೈಟು, ಯುದ್ಧದ ಕಾಲದ್ದು" ಎಂದು ಒಂದು ದೀಪವನ್ನು ಒಳ್ಳೇ ಬೆಲೆಗೆ ದಾಟಿಸಿದ. ಹುಡುಗರು ಅದನ್ನು ಕೂರಿಸಲು ಬಾಡಿಗೆ ತೂತು ಕೊರೆಯುವುದರಲ್ಲಿದ್ದರು. ಆ ಜೀಪನ್ನು ಬಹುಕಾಲ ಓಡಿಸಿದ ಡ್ರೈವರಣ್ಣ ನೋಡಿ, "ಏನ್ರಪ್ಪಾ ಇದು? ಇದಕ್ಕೆಲ್ಲಿತ್ತು ರಿವರ್ಸ್ ಲೈಟು? ನಾನು ಕಾಣದ್ದು!" ಎಂದ. ಕೆಲಸ ಅಲ್ಲಿಗೇ ನಿಂತಿತು. ಸತ್ಯ ಏನೆಂದು ಹುಡುಕುವ ಕೆಲಸ ನಮ್ಮ ಪಾಲಿಗೆ ಬಂತು.

ಮೊದಲು ಜೀಪು ಯಾವುದೆಂದು ಗೊತ್ತಾಗಬೇಕು. ಅಮೆರಿಕದ ಸೈನ್ಯಕ್ಕಾಗಿ 1940ರಲ್ಲಿ ಬ್ಯಾಂಟಮ್ ಕಂಪನಿ ಮೊದಲ ಮಾದರಿ ಗಾಡಿ ಮಾಡಿಕೊಟ್ಟಿತು. ಆಮೇಲೆ 1941ರಿಂದ 1945ರವರೆಗೆ ವಿಲ್ಲೀಸ್ ಮತ್ತು ಫೋರ್ಡ್ ಎರಡೂ ಕಂಪನಿಗಳು ಒಂದೇ ನಮೂನೆಯ ಜೀಪುಗಳನ್ನು ಆರು ಲಕ್ಷಕ್ಕೂ ಮಿಕ್ಕಿ ತಯಾರಿಸಿದವು. ವಿಲ್ಲೀಸಿನದು ಎಂಬಿ, ಫೋರ್ಡಿನದು ಜಿಪಿಡಬ್ಲ್ಯು. ಫೋರ್ಡಿನವರು ಬೋಲ್ಟುಗಳ ತಲೆಯ ಮೇಲೂ ತಮ್ಮ 'ಎಫ್' ಅಕ್ಷರ ಒತ್ತಿದ್ದರು. ಯುದ್ಧ ಮುಗಿದ ಮೇಲೆ ರೈತರಿಗೆಂದು 1945ರಲ್ಲಿ ಸಿಜೆ-2ಎ ಬಂತು. ಅದಕ್ಕೆ ಹಿಂದೆ ಇಳಿಸುವ ಬಾಗಿಲುಂಟು, ಮುಂದಿನ ಜಾಲರಿಯಲ್ಲಿ ಏಳು ಸೀಳು. ಯುದ್ಧದ ಜೀಪಿನ ಒತ್ತಿದ ತಗಡಿನ ಜಾಲರಿಗೆ ಒಂಬತ್ತು ಸೀಳು, ಹಿಂದೆ ಬಾಗಿಲಿಲ್ಲ. ನಮ್ಮದನ್ನು ಎಣಿಸಿದೆವು: ಒಂಬತ್ತು. ಬೋಲ್ಟುಗಳನ್ನು ಉಜ್ಜಿದರೆ ಅಲ್ಲಲ್ಲಿ 'ಎಫ್'. ಯುದ್ಧಾನಂತರ ನಮ್ಮ ದೇಶದಲ್ಲಿ ಮಿಲಿಟರಿ ಮಿಗತೆಯ ಗಾಡಿಗಳು ಮಾರಾಟವಾಗಿ ತೋಟ, ಎಸ್ಟೇಟುಗಳನ್ನು ಸೇರಿದವು. ಇದೂ ಆ ಪೈಕಿ. ನಮ್ಮಲ್ಲಿ ಹೆಚ್ಚಾಗಿ ಕಂಡ ಎತ್ತರದ ಬಾನೆಟ್ಟಿನ ಮಹೀಂದ್ರ ಜೀಪು ಬೇರೆ. ಅದರ ಮೂಲ 1953ರ ಸಿಜೆ-3ಬಿ.

ಇನ್ನು ದೀಪದ ಮಾತು. ರಿವರ್ಸ್ ಲೈಟು ಯುದ್ಧದ ಹೊತ್ತಿಗೆ ಹೊಸ ಸಂಗತಿಯೇನೂ ಅಲ್ಲ. 1920ರ ದಶಕದಲ್ಲೇ ಅಮೆರಿಕದ ದುಬಾರಿ ಕಾರುಗಳಲ್ಲಿ ಕಾಣಿಸಿಕೊಂಡಿತ್ತು. ಆದರೆ ಸೈನ್ಯಕ್ಕೆ ಬೇಕಾದದ್ದು ಬೆಳಕಲ್ಲ, ಕತ್ತಲೆ. ಮೇಲಿಂದ ವಿಮಾನ ನೋಡಬಾರದು, ಹಿಂದೆ ಬರುವ ನಮ್ಮವರಿಗೆ ಮಾತ್ರ ಕಾಣಬೇಕು. ಆದ್ದರಿಂದ ಯುದ್ಧದ ಜೀಪಿನ ಹಿಂಬದಿಗೆ ಇದ್ದದ್ದು ಎರಡೇ ದೀಪ. ಎಡಗಡೆಯದರಲ್ಲಿ ಸಾಮಾನ್ಯ ಕೆಂಪು ದೀಪ, ಬ್ರೇಕ್ ದೀಪ. ಎರಡೂ ಕಡೆ ಬೆಕ್ಕಿನ ಕಣ್ಣಿನಂಥ ಸಣ್ಣ ಕಿಂಡಿಯ ಬ್ಲ್ಯಾಕ್‌ಔಟ್ ದೀಪ. ಬಿಳಿ ರಿವರ್ಸ್ ದೀಪಕ್ಕೆ ಅಲ್ಲಿ ಜಾಗವೇ ಇಲ್ಲ. ಸೈನ್ಯದ ಜಿ-503 ಬಿಡಿಭಾಗಗಳ ಪಟ್ಟಿ, 1944ರ ಟಿಎಂ 9-803 ಕೈಪಿಡಿ ಇವು ಈ ಜೀಪಿನ ಜಾತಕವಿದ್ದಂತೆ. ಜೀರ್ಣೋದ್ಧಾರ ಮಾಡುವವರು ಅಂಗಡಿಯವನ ಮಾತಿಗಿಂತ ಮೊದಲು ಇವನ್ನು ನೋಡಬೇಕು. 1948ರಲ್ಲಿ ಇಂಗ್ಲೆಂಡಿನಿಂದ ಬಂದ ಲ್ಯಾಂಡ್ ರೋವರಿಗೂ ಕಾರ್ಖಾನೆಯಿಂದ ಈ ದೀಪ ಹಾಕಿ ಬರುತ್ತಿರಲಿಲ್ಲ. ಬೇಕಾದವರು ಆಮೇಲೆ ಹಾಕಿಸಿಕೊಂಡರು. ಅಮೆರಿಕದಲ್ಲಿ ಕಾರು ಜೀಪುಗಳಿಗೆಲ್ಲ ಇದು ಕಡ್ಡಾಯವಾದದ್ದು 1969ರಿಂದ.

ಹಾಗಾದರೆ ಕೈಗೆ ಬಂದ ದೀಪ ಯಾವ ಕಾಲದ್ದೆಂದು ತಿಳಿಯುವುದು ಹೇಗೆ? ಗಾಜೇ ಹೇಳುತ್ತದೆ, ಓದುವ ತಾಳ್ಮೆ ಬೇಕು. ಗಾಜಿನ ಮೇಲೆ ಎಸ್‌ಎಇ ಎಂದಿದ್ದರೆ ಅಮೆರಿಕದ ಮಾನದಂಡ. ಅದರ ಜೊತೆಗಿನ 'ಆರ್' ಅಕ್ಷರ ರಿವರ್ಸ್ ದೀಪದ ಗುರುತು, 'ಎಸ್' ಬ್ರೇಕ್ ದೀಪದ್ದು, 'ಟಿ' ಹಿಂಬದಿಯ ಕೆಂಪು ದೀಪದ್ದು. ಪಕ್ಕದಲ್ಲಿ ಎರಡು ಅಂಕಿಗಳಿದ್ದರೆ ಅದು ಸಾಮಾನ್ಯವಾಗಿ ಮಾನದಂಡದ ವರ್ಷ, ದೀಪ ಹುಟ್ಟಿದ ವರ್ಷ ಅಂತ ತಿಳಿದು ಮೋಸ ಹೋಗಬಾರದು. ವೃತ್ತದೊಳಗೆ 'ಇ' ಮತ್ತು ಒಂದು ಅಂಕಿ ಇದ್ದರೆ ಅದು 1958ರ ಜಿನೀವಾ ಒಪ್ಪಂದದ ನಂತರ ಬಂದ ಮುದ್ರೆ. 'ಎಆರ್' ಎಂದೂ ಇದ್ದರೆ ರಿವರ್ಸ್ ದೀಪವೇ ಹೌದು. ಪ್ಲಾಸ್ಟಿಕ್ಕಿನದಾದರೆ ಯುದ್ಧಕಾಲದ ಮಾತು ಇನ್ನೂ ದೂರ. ಬಲ್ಬನ್ನು ಮಾತ್ರ ಸಾಕ್ಷಿಯೆಂದು ನಂಬಬೇಡಿ. ಯುದ್ಧದ ಜೀಪು 6 ವೋಲ್ಟಿನದು, 1950ರ ಸೈನ್ಯದ ಎಂ-38 ಜೀಪು 24 ವೋಲ್ಟಿನದು ಎಂಬುದು ನಿಜ. ಆದರೆ ಬಲ್ಬು ಬದಲಾಯಿಸಲು ಎಷ್ಟು ಹೊತ್ತು ಬೇಕು?

ಕೊನೆಯ ಸಾಕ್ಷಿ ಗೇರ್‌ಬಾಕ್ಸು. ಕಾರ್ಖಾನೆಯೇ ಹಾಕಿದ ರಿವರ್ಸ್ ಲೈಟಾದರೆ ಸಾಮಾನ್ಯವಾಗಿ ಹಿಂದಿನ ಗೇರು ಬಿದ್ದ ತಕ್ಷಣ ಒಳಗಿನ ಸಲಾಕೆ ಒಂದು ಸ್ವಿಚ್ಚನ್ನು ಒತ್ತಿ ದೀಪ ಹೊತ್ತಿಸುತ್ತದೆ. ನಮ್ಮ ಜೀಪಿನ ಗೇರ್‌ಬಾಕ್ಸಿನಲ್ಲಿ ಆ ಸ್ವಿಚ್ಚಿಗೆ ಜಾಗವೇ ಇಲ್ಲ.

ನಮ್ಮ ಹುಡುಗರು ಕೊಂಡ ದೀಪವನ್ನು ಸೀಮೆಎಣ್ಣೆಯಲ್ಲಿ ತೊಳೆದು ಭೂತಗನ್ನಡಿ ಹಿಡಿದೆವು. ವೃತ್ತದೊಳಗೆ 'ಇ'! 1945ರೊಳಗೆ ಹುಟ್ಟಿದ ಜೀಪಿಗೆ 1958ರ ಆಚೆಯ ದೀಪ. ಮೊಮ್ಮಗನ ಅಂಗಿಯನ್ನು ಅಜ್ಜನ ಮದುವೆಯ ಅಂಗಿ ಅಂದ ಹಾಗಾಯ್ತು. ದುಡ್ಡು ಹೋಯ್ತಲ್ಲಾ ಎಂದು ಹುಡುಗರ ಮುಖ ಸಣ್ಣದಾಯಿತು.

ಆದರೆ ವಿಷಯ ಇಷ್ಟಕ್ಕೇ ಮುಗಿಯಲಿಲ್ಲ. ದೀಪ ಇಲ್ಲದ ಆ ಕಾಲದಲ್ಲಿ ರಾತ್ರಿ ಜೀಪು ಹಿಂದೆ ತೆಗೆಯುವಾಗ ಹಮಾಲರಲ್ಲಿ ಒಬ್ಬ ಟಾರ್ಚು ಹಿಡಿದು ಹಿಂದೆ ನಿಂತು "ಬರ್ಲಿ, ಬರ್ಲಿ... ಸಾಕು!" ಅನ್ನುವುದು ರೂಢಿ. ಒಂದು ಆಷಾಢದ ರಾತ್ರಿ ಗೋದಾಮಿನ ಎದುರು ಹಾಗೆ ನಿಂತವನು ಕೆಸರಿನಲ್ಲಿ ಜಾರಿದ, ಟಾರ್ಚು ಆರಿತು, ಚಕ್ರ ಪಾದದ ಮೇಲೆ ಹತ್ತಿತು. ಅವನು ಕೊನೆಯವರೆಗೂ ಕುಂಟುತ್ತಲೇ ಚೀಲ ಹೊತ್ತ. ಡ್ರೈವರಣ್ಣ ಈ ಮಾತು ಹೇಳುವಾಗ ತಲೆ ಎತ್ತಲಿಲ್ಲ. "ಒರಿಜಿನಲ್ಲೋ ಡೂಪ್ಲಿಕೇಟೋ, ಆವತ್ತು ಒಂದು ದೀಪ ಇರ್ಬೇಕಿತ್ತು" ಎಂದಷ್ಟೇ ಅಂದ.

ಆದ್ದರಿಂದ ಹೀಗೆ ತೀರ್ಮಾನಿಸಿದೆವು. ಜೀಪಿನ ಮೈಗೆ ತೂತು ಕೊರೆಯುವುದಿಲ್ಲ, ಅದು ಹುಟ್ಟಿದ ಹಾಗೇ ಇರಲಿ. ಓಡಿಸುವಾಗ ಮಾತ್ರ ಬಿಚ್ಚಿ ತೆಗೆಯಲು ಬರುವ ಕ್ಲಾಂಪಿನಲ್ಲಿ ಒಂದು ದೀಪ ಕಟ್ಟುವುದು. ಅದು ಕೈ ಸ್ವಿಚ್ಚಿನದಾದ್ದರಿಂದ ಮುಂದೆ ಹೊರಡುವ ಮೊದಲು ಮರೆಯದೆ ಆರಿಸುವುದು. ಇಲ್ಲದಿದ್ದರೆ ಹಿಂದಿನವರು ಗಾಡಿ ತಮ್ಮ ಎದುರಿಗೇ ಬರ್ತಿದೆ ಅಂದುಕೊಂಡಾರು. ಇದು ನಾವು ಹಾಕಿದ ದೀಪ, ಮೂಲದ್ದಲ್ಲ ಎಂದು ಗಾಡಿಯ ಪುಸ್ತಕದಲ್ಲಿ ತಾರೀಖು ಸಮೇತ ಬರೆಯುವುದು. ಸಂಘದ ಲೆಕ್ಕಪುಸ್ತಕದಲ್ಲಿ ಬಂದದ್ದು ಬಂದ ಹಾಗೆ, ಹೋದದ್ದು ಹೋದ ಹಾಗೆ ಬರೆಯುವುದನ್ನು ಇಪ್ಪತ್ತೈದು ವರ್ಷ ಕಲಿತವರಿಗೆ ಇದು ಕಷ್ಟವಲ್ಲ.

ಮೆರವಣಿಗೆಯ ದಿನ ಜೀಪಿನ ಹಿಂದೆ ಒಂದು ಗಳಿಗೆ ನಿಂತು ನೋಡಿ. ಬಿಳಿ ದೀಪ ಕಂಡರೆ ಅದು ಯುದ್ಧದ್ದಲ್ಲ, ಟಾರ್ಚು ಹಿಡಿದು ನಿಂತಿದ್ದವನ ನೆನಪಿನದು ಎಂದು ತಿಳಿಯಿರಿ.