ಒಂದೇ ಬಾವಿಗೆ ಎರಡು ಕೊಡ

ಸೇದುವ ಬಾವಿಯ ಬಳಕೆಯಿದ್ದವರಿಗೆ ಇದು ಗೊತ್ತು: ಇಬ್ಬರು ಒಟ್ಟಿಗೇ ಕೊಡ ಇಳಿಬಿಟ್ಟರೆ ಹಗ್ಗಗಳು ತೊಡರಿಕೊಳ್ಳುತ್ತವೆ. ಯಾರಾದರೂ ಒಬ್ಬರು ತಡೆಯಬೇಕು. ಯಾರು ತಡೆಯಬೇಕೆಂದು ಬಾವಿಕಟ್ಟೆಯ ಮೇಲೆ ನಿಂತವರೇ ಮಾತಾಡಿಕೊಳ್ಳುತ್ತಾರೆ. ಲಿಫ್ಟ್ ಓಡಾಡುವ ಕಂಬದಂಥ ಜಾಗವನ್ನೂ ನಾವು ಬಾವಿ ಎಂದೇ ಕರೆಯಬಹುದು. ಅಲ್ಲಿಯೂ ನೂರು ವರ್ಷಗಳಿಂದ ಇದೇ ಪ್ರಶ್ನೆ ಇದೆ.

1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೆಸ್ ವಸ್ತುಪ್ರದರ್ಶನದಲ್ಲಿ ಎಲಿಶಾ ಓಟಿಸ್ ಜನರ ಎದುರಿಗೆ ಎತ್ತರದ ಅಟ್ಟಣಿಗೆಯ ಮೇಲೆ ನಿಂತು, ತನ್ನನ್ನು ಹಿಡಿದಿದ್ದ ಹಗ್ಗವನ್ನೇ ಕತ್ತರಿಸಲು ಹೇಳಿದ. ಅಟ್ಟಣಿಗೆ ತುಸು ಜಾರಿ ನಿಂತಿತು. ಹಗ್ಗದ ಬಿಗಿ ತಪ್ಪಿದೊಡನೆ ಅದರಲ್ಲೇ ಇದ್ದ ಸ್ಪ್ರಿಂಗ್ ಸಡಿಲಗೊಂಡು ಪಕ್ಕದ ಹಲ್ಲುಗಂಬಗಳಿಗೆ ಕಚ್ಚಿಕೊಂಡಿತ್ತು. ಮೂರು ವರ್ಷಗಳ ನಂತರ ಬ್ರಾಡ್‌ವೇಯ ಅಂಗಡಿಯೊಂದರಲ್ಲಿ ಜನರನ್ನು ಹೊತ್ತೊಯ್ಯುವ ಲಿಫ್ಟ್ ಬಂತು. ಅಲ್ಲಿಂದ ಮುಂದೆ ಕಟ್ಟಡಗಳು ಆಕಾಶಕ್ಕೆ ಏರಿದವು.

ಏರಿದಂತೆ ಹೊಸ ತೊಡಕು ಎದುರಾಯಿತು. ಮಹಡಿ ಹೆಚ್ಚಿದರೆ ಜನ ಹೆಚ್ಚುತ್ತಾರೆ, ಜನ ಹೆಚ್ಚಿದರೆ ಲಿಫ್ಟು ಹೆಚ್ಚಬೇಕು. ಒಂದೊಂದು ಲಿಫ್ಟಿಗೂ ಒಂದೊಂದು ಬಾವಿ ಎಂದರೆ ಕಟ್ಟಡದ ಹೊಟ್ಟೆಯೆಲ್ಲ ಬಾವಿಗಳೇ. 110 ಮಹಡಿಗಳ ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ ಇದಕ್ಕಾಗಿಯೇ 44 ಮತ್ತು 78ನೇ ಮಹಡಿಗಳನ್ನು ಜಂಕ್ಷನ್‌ಗಳಂತೆ ಮಾಡಿ, ಅಲ್ಲಿ ಲಿಫ್ಟ್ ಬದಲಿಸುವ ಏರ್ಪಾಡು ಮಾಡಿದ್ದರು. ಹಾಗಾದರೆ ಒಂದೇ ಬಾವಿಯಲ್ಲಿ ಹಲವು ಪೆಟ್ಟಿಗೆಗಳನ್ನು ಓಡಿಸಬಾರದೇಕೆ?

ಓಡಿಸಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಇಂಗ್ಲೆಂಡ್, ಜರ್ಮನಿಗಳ ಕಚೇರಿಗಳಿಗೆ ಪಾಟರ್‌ನಾಸ್ಟರ್ ಎಂಬ ಲಿಫ್ಟ್ ಬಂತು. ಜಪಮಾಲೆಯ ಮಣಿಗಳಂತೆ ಬಾಗಿಲಿಲ್ಲದ ಗೂಡುಗಳು ಸರಪಳಿಗೆ ಜೋತುಬಿದ್ದು, ನಿಲ್ಲದೆ ಒಂದು ಕಡೆ ಏರುತ್ತ ಇನ್ನೊಂದು ಕಡೆ ಇಳಿಯುತ್ತ ಸುತ್ತುತ್ತವೆ. ಹೆಸರು ಬಂದದ್ದೂ ಜಪದಿಂದಲೇ. ಇಲ್ಲಿ ಒಂದು ಗೂಡು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಮಾತೇ ಇಲ್ಲ, ಯಾಕೆಂದರೆ ಯಾವ ಗೂಡಿಗೂ ಸ್ವಂತ ನಡೆಯಿಲ್ಲ. ಅಪಾಯವೆಲ್ಲ ಹತ್ತಿ ಇಳಿಯುವ ಮನುಷ್ಯನ ಪಾಲಿಗೆ. ಪಶ್ಚಿಮ ಜರ್ಮನಿ 1974ರಲ್ಲಿ ಹೊಸದಾಗಿ ಇವನ್ನು ಕಟ್ಟುವುದನ್ನು ನಿಷೇಧಿಸಿತು.

ಉಳಿದ ಲಿಫ್ಟುಗಳನ್ನು ನಡೆಸುತ್ತಿದ್ದವರು ಮನುಷ್ಯರು. ಪೆಟ್ಟಿಗೆಯೊಳಗೆ ಆಪರೇಟರ್, ದೊಡ್ಡ ಕಟ್ಟಡಗಳ ಕೆಳಮಹಡಿಯಲ್ಲಿ ಯಾವ ಲಿಫ್ಟ್ ಯಾವಾಗ ಹೊರಡಬೇಕೆಂದು ಹೇಳುವ ಸ್ಟಾರ್ಟರ್. 1945ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಆಪರೇಟರುಗಳು ಮುಷ್ಕರ ಹೂಡಿದಾಗ ಗಗನಚುಂಬಿಗಳ ನಗರವೇ ಸ್ತಬ್ಧವಾಯಿತು. ಬಹುಮಹಡಿ ಕಟ್ಟಡವೆಂದರೆ ಯಾರ ಕೈಯಲ್ಲಿದೆ ಎಂಬುದು ಆ ದಿನಗಳಲ್ಲಿ ಎಲ್ಲರಿಗೂ ತಿಳಿಯಿತು. ಮಾಲೀಕರಿಗೂ ತಿಳಿಯಿತು. 1950ರ ದಶಕದಲ್ಲಿ ಆಪರೇಟರಿಲ್ಲದ ಲಿಫ್ಟುಗಳು ಹಬ್ಬಿದವು, ಆ ಕೆಲಸಗಾರರು ಮರೆಯಾದರು. ಅವರ ತೀರ್ಮಾನಗಳು ಯಂತ್ರದ ಕೋಣೆಯ ರಿಲೇಗಳಿಗೂ ಮುಂದೆ ಕಂಪ್ಯೂಟರಿಗೂ ಹೋದವು.

ಅಷ್ಟರಲ್ಲಿ ಇನ್ನೊಂದು ಹೊಳಹು ಆಸ್ಟ್ರೇಲಿಯಾದಿಂದ ಬಂದಿತ್ತು. 1960ರ ದಶಕದ ಆರಂಭದಲ್ಲಿ, ಮುಂದೆ ಸಿಡ್ನಿಯ ಮೇಯರ್ ಆದ ಎಂಜಿನಿಯರ್ ಲಿಯೊ ಪೋರ್ಟ್, ಪ್ರಯಾಣಿಕ ಲಿಫ್ಟ್ ಹತ್ತುವ ಮೊದಲೇ ತಾನು ಹೋಗಬೇಕಾದ ಮಹಡಿಯನ್ನು ಹೇಳಿಬಿಡುವ ವಿಧಾನವನ್ನು ರೂಪಿಸಿದ. ಇದರ ನಿಜವಾದ ಬೆಲೆ ತಿಳಿದದ್ದು ಹೊಸ ಶತಮಾನದ ಮೊದಲಲ್ಲಿ, ಜರ್ಮನಿಯ ಥಿಸ್ಸೆನ್‌ಕ್ರುಪ್ ಒಂದೇ ಬಾವಿಯಲ್ಲಿ ಸ್ವತಂತ್ರವಾಗಿ ಓಡುವ ಎರಡು ಪೆಟ್ಟಿಗೆಗಳ ‘ಟ್ವಿನ್’ ತಂದಾಗ. ಕೆಳಗಿನ ಪೆಟ್ಟಿಗೆ ಮೇಲಿನದನ್ನು ದಾಟಿ ಹೋಗಲಾರದು. ಆದ್ದರಿಂದ ಯಾರು ಎಲ್ಲಿಗೆ ಎಂಬುದು ಮೊದಲೇ ಗೊತ್ತಿದ್ದರೆ ಮಾತ್ರ ಇಬ್ಬರಿಗೂ ದಾರಿ. ಅದರ ಮೇಲೂ ನಡುವಿನ ಅಂತರವನ್ನು ಸದಾ ಅಳೆಯಬೇಕು. ಅಂತರ ಕಡಿಮೆಯಾದರೆ ವೇಗ ತಗ್ಗಬೇಕು, ಇನ್ನೂ ಕಡಿಮೆಯಾದರೆ ಬ್ರೇಕು ಬೀಳಬೇಕು.

ಅದೇ ಕಂಪನಿ 2014ರಲ್ಲಿ ಪ್ರಕಟಿಸಿ, 2017ರಲ್ಲಿ ರಾಟ್‌ವೈಲ್‌ನ 246 ಮೀಟರ್ ಎತ್ತರದ ಪ್ರಯೋಗ ಗೋಪುರದಲ್ಲಿ ತೋರಿಸಿದ ‘ಮಲ್ಟಿ’ಯಲ್ಲಿ ಹಗ್ಗವೇ ಇಲ್ಲ. ಪೆಟ್ಟಿಗೆಗಳು ಲೀನಿಯರ್ ಮೋಟಾರಿನ ಬಲದಿಂದ ಏರುತ್ತವೆ, ಅಡ್ಡಲಾಗಿಯೂ ಚಲಿಸುತ್ತವೆ. ಸಾಮಾನ್ಯ ಲಿಫ್ಟಿನ ತಳಕ್ಕೆ ಒಂದು ಕೇಬಲ್ ಜೋತಾಡುತ್ತಿರುತ್ತದೆ. ವಿದ್ಯುತ್ತೂ ಸಂದೇಶವೂ ಅದರಲ್ಲೇ. ಬಾವಿಯಿಂದ ಬಾವಿಗೆ ಹೊರಳುವ ಪೆಟ್ಟಿಗೆ ಇಂಥ ಬಾಲವನ್ನು ಎಳೆದುಕೊಂಡು ಹೋದರೆ ಸುತ್ತಿಕೊಳ್ಳುವುದು ಖಂಡಿತ. ಹಾಗಾಗಿ ಮಾತುಕತೆ ನಿಸ್ತಂತುವಾಗಬೇಕು.

ಆದರೆ ಕಾಂಕ್ರೀಟು, ಕಬ್ಬಿಣಗಳ ನಡುವೆ ರೇಡಿಯೊ ಸಂದೇಶ ಕೆಲವೊಮ್ಮೆ ತಡವಾಗುತ್ತದೆ, ಕಳೆದೂ ಹೋಗುತ್ತದೆ. ಎಲ್ಲ ಪೆಟ್ಟಿಗೆಗಳೂ ಒಂದೇ ಯಜಮಾನ ಕಂಪ್ಯೂಟರಿನ ಅಪ್ಪಣೆಗೆ ಕಾಯುತ್ತಿದ್ದರೆ, ಅಪ್ಪಣೆ ಬಾರದ ಆ ಕ್ಷಣಕ್ಕೆ ಜೀವ ಒತ್ತೆಯಿಟ್ಟಂತೆ. ವಿಕೇಂದ್ರೀಕೃತ ನಿಯಂತ್ರಣದ ಅಗತ್ಯ ಕಾಣುವುದು ಇಲ್ಲೇ. ಪ್ರಯಾಣಿಕರ ಹಂಚಿಕೆಯನ್ನು ಬೇಕಾದರೆ ಕೇಂದ್ರ ಮಾಡಲಿ. ಆದರೆ ಪ್ರತಿ ಪೆಟ್ಟಿಗೆಯೂ ತನ್ನ ನೆರೆಯ ಪೆಟ್ಟಿಗೆ ಎಲ್ಲಿದೆ, ತಾನು ನಿಲ್ಲಲು ಎಷ್ಟು ದೂರ ಬೇಕು ಎಂದು ತಾನೇ ಲೆಕ್ಕ ಹಾಕಬೇಕು. ನೆರೆಯ ದನಿ ಕೇಳಿಸದಿದ್ದರೆ ‘ದಾರಿ ಖಾಲಿಯಿದೆ’ ಎಂದುಕೊಳ್ಳದೆ ನಿಲ್ಲಬೇಕು.

ಇದು ಹೊಸ ಮಾತಲ್ಲ. ಓಟಿಸನ ಅಟ್ಟಣಿಗೆ ಮೇಲಿನಿಂದ ಯಾರ ಅಪ್ಪಣೆಗೂ ಕಾದಿರಲಿಲ್ಲ. ಹಗ್ಗ ಸಡಿಲವಾದದ್ದೇ ಅದಕ್ಕೆ ಸುದ್ದಿ. ನಿಲ್ಲುವ ತೀರ್ಮಾನ ಅದರದ್ದೇ. ಹಗ್ಗ ಹೋಗಿ ರೇಡಿಯೊ ಬಂದರೂ ಸಡಿಲವನ್ನು ಗುರುತಿಸುವ ಆ ಗುಣವನ್ನು ಬಿಡುವಂತಿಲ್ಲ.

ಹಗ್ಗವಿಲ್ಲದ ಲಿಫ್ಟು ಇನ್ನೂ ನಿತ್ಯದ ಕಟ್ಟಡಗಳಲ್ಲಿ ರೂಢಿಯಾಗಿಲ್ಲ. ಆದಾಗ, ಪೆಟ್ಟಿಗೆಗಳು ತಮ್ಮತಮ್ಮಲ್ಲೇ ಮಾತಾಡಿ ದಾರಿ ಬಿಟ್ಟುಕೊಡುವಾಗ, 1945ರ ಆ ಆಪರೇಟರುಗಳನ್ನು ನೆನೆಯಬೇಕು. ಅವರಿಂದ ಕಸಿದು ಕೇಂದ್ರಕ್ಕೆ ಕೊಟ್ಟಿದ್ದ ವಿವೇಚನೆಯನ್ನೇ ನಾವು ಈಗ ಒಂದೊಂದಾಗಿ ಪೆಟ್ಟಿಗೆಗಳಿಗೆ ಮರಳಿ ಕಲಿಸುತ್ತಿದ್ದೇವೆ.